ಮಳೆ ರಾತ್ರಿ ಹಾರುವ ಡ್ರೋನ್ ಮಾಡಬೇಕು, ರಕ್ಷಣೆಗೆ ಬರುವವರಿಗೆ ನಿಜಕ್ಕೂ ಏನು ಬೇಕು?

ಕೆರೆದಂಡೆ (ಭಾನುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ಸಮಾಧಾನವಾಗಿ ಓದಿ.

ನಮ್ಮ ಮನೆ ಯಲಹಂಕದ ಕಡೆ. 2024ರ ಅಕ್ಟೋಬರ್ ಮಳೆ ನೆನಪಿದೆ ಅಲ್ವಾ? ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟ್‌ನಿಂದ ಜನರನ್ನು ದೋಣಿಯಲ್ಲಿ ಹೊರಗೆ ಕರೆತಂದರು. ಅದೇ ಮಳೆಗೆ ನಮ್ಮ ಬೀದಿಗೂ ನೀರು ನುಗ್ಗಿತ್ತು. ರಾತ್ರಿ ಒಂದು ದೋಣಿ ಬಂತು. ಕರೆಂಟ್ ತೆಗೆದಿದ್ದರು, ಕಗ್ಗತ್ತಲು. ದೋಣಿಯಲ್ಲಿದ್ದವರು ಟಾರ್ಚ್ ಹಿಡಿದು "ಯಾವ ಮನೆ? ಯಾವ ಮನೆ?" ಅಂತ ಕೂಗುತ್ತಿದ್ದರು. ಎಲ್ಲ ಮಹಡಿಗಳಿಂದಲೂ ಜನ ಮೊಬೈಲ್ ಲೈಟ್ ಬೀಸುತ್ತಿದ್ದರು. ಎಲ್ಲರೂ ಬೀಸಿದರೆ ಯಾರ ಹತ್ತಿರ ಮೊದಲು ಹೋಗಬೇಕು ಅಂತ ತಿಳಿಯೋದು ಹೇಗೆ?

ಹಿಂದಿನ ಬೀದಿಯ ಒಂದು ಮನೆಯ ಗ್ರೌಂಡ್ ಫ್ಲೋರ್‌ನಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದರು. ಅವರ ಮಗ ಅಜ್ಜಿಯನ್ನು ಊಟದ ಮೇಜಿನ ಮೇಲೆ ಮಲಗಿಸಿ, ಮೇಜು ತೇಲದಂತೆ ಎರಡು ಕೈಯಲ್ಲಿ ಒತ್ತಿ ಹಿಡಿದು ಸೊಂಟದ ಮಟ್ಟದ ನೀರಿನಲ್ಲಿ ನಿಂತಿದ್ದರು. ದೋಣಿ ಆ ತಿರುವನ್ನು ಎರಡು ಸಲ ದಾಟಿ ಮುಂದೆ ಹೋಯಿತು. ಮೂರನೇ ಸಲಕ್ಕೆ ಸಿಕ್ಕಿತು. ಅಜ್ಜಿ ಈಗ ಚೆನ್ನಾಗಿದ್ದಾರೆ.

ಆಗ ನನ್ನ ಬೀರುವಿನಲ್ಲಿ ನಾನೇ ಜೋಡಿಸಿದ ಒಂದು ಡ್ರೋನ್ ಇತ್ತು. ಬ್ಯಾಟರಿ ಪೂರ್ತಿ ಇಳಿದಿತ್ತು. ಚಾರ್ಜ್ ಇದ್ದಿದ್ದರೂ ಮಳೆಯಲ್ಲಿ ಹಾರುತ್ತಿರಲಿಲ್ಲ. ಹಾರಿದ್ದರೂ ಪಕ್ಕದಲ್ಲೇ ವಾಯುಸೇನೆ ನೆಲೆ, ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಕಿಟಕಿಯಲ್ಲಿ ನಿಂತು ನೋಡುವುದು ಬಿಟ್ಟು ಬೇರೇನೂ ಮಾಡಲಾಗಲಿಲ್ಲ. ಅದು ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ.

ಈಗ ನಾಲ್ಕು ಜನ ಸೇರಿದ್ದೇವೆ. ಇಬ್ಬರು ನನ್ನ ಸಹೋದ್ಯೋಗಿಗಳು, ಒಬ್ಬ ಡಿಪ್ಲೊಮಾ ಹುಡುಗ. ಥರ್ಮಲ್ ಕ್ಯಾಮೆರಾ (ಶಾಖ ನೋಡಿ ಚಿತ್ರ ಕೊಡುವುದು), ಧ್ವನಿವರ್ಧಕ, ಔಷಧಿ ಡಬ್ಬಿ ಇಳಿಸುವ ಕೊಕ್ಕೆ, ಮೊಬೈಲ್‌ನಲ್ಲಿ ಮ್ಯಾಪ್ ತೋರಿಸುವ ಆ್ಯಪ್. ಇಷ್ಟು ಹಾಕೋಣ ಅಂತ ಯೋಚನೆ. ಏನು ಬಿಟ್ಟಿದ್ದೇವೆ, ಏನು ಜಾಸ್ತಿಯಾಯಿತು, ಹೇಳಿ.

ಬೆಸುಗೆ

ಒಳ್ಳೆ ಕೆಲಸಕ್ಕೆ ಕೈ ಹಾಕಿದ್ದೀರಿ. ಆದರೆ ತೂಕ ಕೂಡಿಸಿ ನೋಡಿದ್ದೀರಾ?

450 ಮಿ.ಮೀ. ಡ್ರೋನ್ ಫ್ರೇಮಿಗೆ 4ಎಸ್ (ಅಂದರೆ ನಾಲ್ಕು ಸೆಲ್‌ನ) 5200 ಎಂಎಎಚ್ ಲಿಪೊ ಹಾಕಿದರೆ ಬ್ಯಾಟರಿಯೇ ಅರ್ಧ ಕೆಜಿ. ಬರೀ ಮೈಯಲ್ಲಿ 12ರಿಂದ 15 ನಿಮಿಷ ನಿಲ್ಲುತ್ತೆ. ನಿಮ್ಮ ಪಟ್ಟಿಯಲ್ಲಿರುವುದೆಲ್ಲ ಹೇರಿದರೆ ಎಂಟು ನಿಮಿಷ ಬಂದರೆ ಹೆಚ್ಚು. ಹೋಗಿ ಬರುವ ಹೊತ್ತು ಕಳೆಯಿರಿ. ಕೆಲಸಕ್ಕೆ ನಾಲ್ಕೈದು ನಿಮಿಷ ಉಳಿಯುತ್ತೆ ಅಷ್ಟೆ.

ಮಳೆಯ ವಿಚಾರ. ಬ್ರಶ್‌ಲೆಸ್ ಮೋಟರ್ ನೆನೆದರೂ ತಿರುಗುತ್ತೆ. ಸಾಯುವುದು ಇಎಸ್‌ಸಿ (ಮೋಟರ್ ವೇಗ ನಿಯಂತ್ರಿಸುವ ಬೋರ್ಡು) ಮತ್ತು ಡ್ರೋನ್‌ನ ಮಿದುಳಾದ ಫ್ಲೈಟ್ ಕಂಟ್ರೋಲರ್. ಬೋರ್ಡುಗಳಿಗೆ ಸಿಲಿಕೋನ್ ಕೋಟಿಂಗ್ ಹಚ್ಚಿ, ಆದರೆ ಬ್ಯಾರೊಮೀಟರ್ ಚಿಪ್‌ನ ತೂತಿನ ಮೇಲೆ ಒಂದು ಹನಿಯೂ ಬೀಳಬಾರದು. ಗಾಳಿಯ ಒತ್ತಡ ಅಳೆದು ಎತ್ತರ ಹೇಳುವುದು ಅದೇ. ಅದರ ಮೇಲೆ ಅಂಟಿಸುವ ಸ್ಪಂಜು ನೆನೆದರೂ ಎತ್ತರ ತಪ್ಪು ತೋರಿಸುತ್ತೆ. ನನ್ನದೊಂದು ಹೀಗೇ ಆಗಿ, ನಿಂತ ಜಾಗದಿಂದ ಸೀದಾ ನೆಲಕ್ಕೆ ಬಂದು ಕೂತಿತು. ಕೆಳಗೆ ಯಾರೂ ಇರಲಿಲ್ಲ, ಪುಣ್ಯ.

ಇನ್ನೊಂದು, ಇದನ್ನು ಯಾರೂ ಯೋಚನೆ ಮಾಡಲ್ಲ. ಲಿಪೊ ಬ್ಯಾಟರಿಯನ್ನು ತುಂಬಿಸಿ ತಿಂಗಳುಗಟ್ಟಲೆ ಇಟ್ಟರೆ ಊದಿಕೊಂಡು ಹಾಳಾಗುತ್ತೆ. ಸೆಲ್‌ಗೆ 3.8 ವೋಲ್ಟ್‌ನಲ್ಲಿ ಇಡಬೇಕು. ಆದರೆ ಆಪತ್ತು ಹೇಳಿ ಬರಲ್ಲ. ಆರು ತಿಂಗಳು ಸುಮ್ನೆ ಇದ್ದ ಡ್ರೋನ್ ಏಳನೇ ತಿಂಗಳು ರಾತ್ರಿ ಎರಡು ಗಂಟೆಗೆ ಏಳಬೇಕು. ಚಾರ್ಜ್ ಮಾಡುವವರು ಯಾರು, ಯಾವಾಗ? ಮಳೆಗಾಲಕ್ಕೆ ನಾನೊಂದು ಅಭ್ಯಾಸ ಮಾಡಿಕೊಂಡಿದ್ದೇನೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮೇಘ ಸಂದೇಶ ಆ್ಯಪ್‌ನಲ್ಲಿ ಜೋರು ಮಳೆ ಸೂಚನೆ ಕಂಡ ಸಂಜೆ ಚಾರ್ಜ್‌ಗೆ ಹಾಕುವುದು, ಮಳೆ ಬರದಿದ್ದರೆ ಮರುದಿನ 3.8ಕ್ಕೆ ಇಳಿಸುವುದು. ಬೇಜಾರಿನ ಕೆಲಸ. ಆದರೆ ಅಂದು ನಿಮ್ಮ ಡ್ರೋನ್ ಬೀರುವಿನಲ್ಲೇ ಉಳಿಯಲು ಇದೂ ಒಂದು ಕಾರಣ ಅಲ್ವಾ?

ಕೋರಮಂಗಲ 6ನೇ ಬ್ಲಾಕ್

ಒಂದೇ ಡ್ರೋನ್ ಯಾಕೆ? ಐದು ಚಿಕ್ಕವು ಮಾಡಿ, ಬೀದಿ ಹಂಚಿಕೊಂಡು ತಾವೇ ಹಾರಲಿ. ಮನುಷ್ಯರನ್ನು ಗುರುತಿಸುವ ಎಐ ಮಾಡೆಲ್ ನಾನು ಬರೆದುಕೊಡುತ್ತೇನೆ. 2019ರಲ್ಲಿ ಪ್ಯಾರಿಸ್‌ನ ನಾಟ್ರ ಡಾಮ್ ಹೊತ್ತಿ ಉರಿದಾಗ ಅಗ್ನಿಶಾಮಕದವರು ಡ್ರೋನ್ ಕ್ಯಾಮೆರಾ ನೋಡಿಕೊಂಡೇ ನೀರಿನ ಜೆಟ್ ಎಲ್ಲಿ ಬಿಡಬೇಕು ಅಂತ ತೀರ್ಮಾನ ಮಾಡಿದ್ದರು. ಇಷ್ಟು ಎಂಜಿನಿಯರ್‌ಗಳಿರುವ ಈ ಊರಿನಲ್ಲಿ ಆಗಲ್ವಾ?

ಹಳೇ ಫೈರ್‌ಮನ್

ನಾನು ಅಗ್ನಿಶಾಮಕ ಇಲಾಖೆಯಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಟೈಪ್ ಮಾಡಿಕೊಡುತ್ತಿರುವುದು ಮೊಮ್ಮಗಳು.

ಕೆರೆದಂಡೆಯವರೇ, ನಿಮ್ಮ ಪಟ್ಟಿಯಲ್ಲಿ ಡ್ರೋನ್‌ಗೆ ಏನು ಹಾಕಬಹುದು ಅನ್ನುವುದೆಲ್ಲ ಇದೆ. ದೋಣಿಯಲ್ಲಿ ಬಂದವನಿಗೆ ಆ ಗಳಿಗೆಯಲ್ಲಿ ಏನು ತಿಳಿಯಬೇಕಿತ್ತು ಅನ್ನುವುದು ಇಲ್ಲ.

ಬೆಂಕಿಯದೇ ಉದಾಹರಣೆ ಹೇಳುತ್ತೇನೆ. 2010ರ ಫೆಬ್ರವರಿ 23, ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್. 9 ಜನ ತೀರಿಕೊಂಡರು. ಹೊಗೆ ಮೇಲಿನ ಮಹಡಿಗಳಿಗೆ ತುಂಬಿಕೊಂಡಿತು. ಉಸಿರಿಗಾಗಿ ಜನ ಗಾಜು ಒಡೆದರು, ಕೆಲವರು ಹಾರಿದರು. ನಾನು ಅಂದು ಆ ಡ್ಯೂಟಿಯಲ್ಲಿ ಇರಲಿಲ್ಲ. ಆದರೆ ಆಮೇಲೆ ಎಷ್ಟೋ ವರ್ಷ ನಮ್ಮ ಸ್ಟೇಷನ್‌ಗಳಲ್ಲಿ ಅದೇ ಮಾತು. ಎತ್ತರದ ಕಟ್ಟಡಕ್ಕೆ ನಾವು ಹೋಗಿ ಇಳಿಯುವುದು ಮುಂಭಾಗದಲ್ಲಿ. ಹಿಂಭಾಗದ ಕಿಟಕಿಯಲ್ಲಿ ಯಾರು ನಿಂತಿದ್ದಾರೆ, ಯಾವ ಮಹಡಿ, ಎಷ್ಟು ಜನ, ಇದು ನಮಗೆ ಕಾಣಿಸಲ್ಲ. ಒಬ್ಬನನ್ನು ಓಡಿಸಿ ನೋಡಿಸಬೇಕು. ಕಾಂಪೌಂಡ್, ಪಾರ್ಕಿಂಗ್, ಬೀಗ ಹಾಕಿದ ಗೇಟು. ಅವನು ಸುತ್ತಿ ಬರುವಷ್ಟರಲ್ಲಿ ಐದು ನಿಮಿಷ. ಏಣಿ ಯಾವ ಕಡೆ ನಿಲ್ಲಿಸಬೇಕು ಅನ್ನುವುದು ಆ ಐದು ನಿಮಿಷದ ಮೇಲೆ ನಿಂತಿರುತ್ತೆ.

ನಿಮ್ಮ ಡ್ರೋನ್ ಒಂದು ಸುತ್ತು ಹೊಡೆದು "ಹಿಂದೆ, ಐದನೇ ಮಹಡಿ, ಎಡಗಡೆ ಕೊನೆ ಕಿಟಕಿ, ಮೂರು ಜನ" ಅಂತ ಹೇಳಿದರೆ ಸಾಕು. ಅದಕ್ಕೆ ಐದು ಡ್ರೋನ್ ಬೇಡ. ಆ್ಯಪ್ ಕೂಡ ಬೇಡ. ಒಂದು ಕೈಯಲ್ಲಿ ಹೋಸ್, ಇನ್ನೊಂದರಲ್ಲಿ ವಾಕಿಟಾಕಿ ಹಿಡಿದವನು ನಿಮ್ಮ ಮೊಬೈಲ್ ಎಲ್ಲಿ ಹಿಡಿಯಬೇಕು? ಬಾಯಲ್ಲಿ ಹೇಳಿ.

ನನ್ನ ಮಾತು ಇಷ್ಟೇ. ಮೊದಲು ನಿಮ್ಮ ಹತ್ತಿರದ ಫೈರ್ ಸ್ಟೇಷನ್‌ಗೆ ಹೋಗಿ. ಡ್ರೋನ್ ತೆಗೆದುಕೊಂಡು ಹೋಗಬೇಡಿ. ಬರಿಗೈಯಲ್ಲಿ ಹೋಗಿ, ಕೇಳಿ.

ಬೆಸುಗೆ

ಸರ್, ಈ ಮಾತು ಚಿನ್ನ.

ಥರ್ಮಲ್ ಕ್ಯಾಮೆರಾ ಬಗ್ಗೆ ಒಂದು ಸೇರಿಸುತ್ತೇನೆ. ಅದು ಹೊಗೆಯ ಆಚೆ ನೋಡುತ್ತೆ, ನಿಜ. ಗಾಜಿನ ಆಚೆ ನೋಡಲ್ಲ. ಶಾಖದ ಕಿರಣ ಗಾಜಿನಲ್ಲಿ ದಾಟುವುದಿಲ್ಲ. ಗಾಜಿನದೇ ಬಿಸಿ, ಇಲ್ಲವೇ ಗಾಜಿನಲ್ಲಿ ಬಿದ್ದ ಪ್ರತಿಬಿಂಬ ಕಾಣುತ್ತೆ. ನಮ್ಮ ಔಟರ್ ರಿಂಗ್ ರೋಡ್ ಕಟ್ಟಡಗಳೆಲ್ಲ ಗಾಜೇ. ಒಳಗೆ ಯಾರೂ ಇಲ್ಲ ಅಂತ ಸ್ಕ್ರೀನ್ ತೋರಿಸಿದರೆ ಯಾರೂ ಇಲ್ಲ ಅಂತ ಅಲ್ಲ. ನೀರಿನೊಳಗೂ ಅಷ್ಟೇ, ಏನೂ ಕಾಣಲ್ಲ. ತಾರಸಿ ಮೇಲೆ ನಿಂತವರು ಮಾತ್ರ ತಣ್ಣಗಿನ ನೆಲದ ಮೇಲೆ ಕೆಂಡದ ಹಾಗೆ ಎದ್ದು ಕಾಣುತ್ತಾರೆ. ಆದರೆ ಅವರು ಛತ್ರಿ ಹಿಡಿದಿದ್ದರೆ ಅದೂ ಇಲ್ಲ.

ಕೋರಮಂಗಲದವರೇ, ತಾನೇ ಹಾರುವ ಡ್ರೋನ್ ಬೇಕಾಗುವ ಜಾಗವೂ ಇದೆ. 2023ರ ನವೆಂಬರ್ 12ರಂದು ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ ಕುಸಿದು 41 ಕಾರ್ಮಿಕರು ಸಿಕ್ಕಿಹಾಕಿಕೊಂಡಾಗ ಬೆಂಗಳೂರಿನ ಒಂದು ತಂಡ ಡ್ರೋನ್ ತೆಗೆದುಕೊಂಡು ಹೋಗಿತ್ತು. ಸುರಂಗದೊಳಗೆ ಜಿಪಿಎಸ್ ಇಲ್ಲ, ದೂಳು, ಕತ್ತಲು. ಅಂಥ ಕಡೆ ಗೋಡೆಯ ದೂರ ಅಳೆದುಕೊಂಡು ದಾರಿ ಹುಡುಕುವ ಬುದ್ಧಿ ಡ್ರೋನ್‌ನಲ್ಲೇ ಇರಬೇಕು. ಆದರೂ ಕೊನೆಗೆ 17ನೇ ದಿನ ಆ 41 ಜನ ಹೊರಗೆ ಬಂದದ್ದು, ಪೈಪಿನೊಳಗೆ ತೆವಳಿ ಕೈಯಲ್ಲಿ ಅಗೆದವರಿಂದ.

ಜಕ್ಕೂರು ಗಾಳಿ

ನನ್ನ ಹತ್ತಿರ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಇದೆ, ಸರ್ವೆ ಕೆಲಸ ಮಾಡುತ್ತೇನೆ. ಕಾನೂನಿನ ಭಾಗ ನಾನು ಹೇಳುತ್ತೇನೆ. ಇದು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ.

2021ರ ಡ್ರೋನ್ ನಿಯಮಗಳ ಪ್ರಕಾರ ಆಕಾಶ ಹಸಿರು, ಹಳದಿ, ಕೆಂಪು ಅಂತ ಮೂರು ವಲಯ. ಹಸಿರಿನಲ್ಲಿ 400 ಅಡಿವರೆಗೆ ಅನುಮತಿ ಬೇಡ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವೆ ಅದು 200 ಅಡಿಗೆ ಇಳಿಯುತ್ತೆ. ಇನ್ನೂ ಹತ್ತಿರ ಬಂದರೆ ಅನುಮತಿ ಬೇಕೇ ಬೇಕು. ಹಳದಿಗೆ ಏರ್ ಟ್ರಾಫಿಕ್ ಕಂಟ್ರೋಲ್, ಕೆಂಪಿಗೆ ಕೇಂದ್ರ ಸರ್ಕಾರ. ಈಗ ಬೆಂಗಳೂರಿನ ನಕ್ಷೆ ನೆನಪಿಸಿಕೊಳ್ಳಿ. ಕೆಂಪೇಗೌಡ ನಿಲ್ದಾಣ, ಯಲಹಂಕ ವಾಯುನೆಲೆ, ಜಕ್ಕೂರು ಮತ್ತು ಎಚ್‌ಎಎಲ್ ವಿಮಾನ ನಿಲ್ದಾಣಗಳು. 2022ರ ಸೆಪ್ಟೆಂಬರ್‌ನಲ್ಲಿ ಟ್ರ್ಯಾಕ್ಟರ್ ಹತ್ತಿ ಜನ ಹೊರಗೆ ಬಂದ ಯಮಲೂರು ಎಚ್‌ಎಎಲ್ ರನ್‌ವೇ ಪಕ್ಕದಲ್ಲೇ ಇದೆ. 2024ರಲ್ಲಿ ಮುಳುಗಿದ ನಿಮ್ಮ ಯಲಹಂಕದ ಬೀದಿಗಳು ವಾಯುನೆಲೆಯ ಪಕ್ಕ. ನೀರು ನಿಲ್ಲುವ ಜಾಗಗಳೇ ಹಾರಬಾರದ ಜಾಗಗಳೂ ಆಗಿವೆ.

"ಜೀವ ಉಳಿಸಲು ಹಾರಿಸಿದರೆ ಯಾರು ಕೇಳುತ್ತಾರೆ" ಅನ್ನಬೇಡಿ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಕಾಡ್ಗಿಚ್ಚಿನ ಮೇಲೆ ನೀರು ಸುರಿಯುತ್ತಿದ್ದ ವಿಮಾನಕ್ಕೆ ಯಾರದೋ ಖಾಸಗಿ ಡ್ರೋನ್ ಬಡಿದು ರೆಕ್ಕೆ ತೂತಾಯಿತು. ಊರು ಉರಿಯುತ್ತಿರುವಾಗ ಆ ವಿಮಾನ ನೆಲದಲ್ಲಿ ನಿಲ್ಲಬೇಕಾಯಿತು.

ದಾರಿ ಇಲ್ಲ ಅಂತ ಅಲ್ಲ. ಪ್ರಯೋಗಕ್ಕೆ ವಿನಾಯಿತಿ ಇದೆ. ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆ ಅಥವಾ ಸರ್ಕಾರದ ಮಾನ್ಯತೆ ಇರುವ ಸ್ಟಾರ್ಟಪ್, ಹಸಿರು ವಲಯದಲ್ಲಿ, ತನ್ನದೇ ಆವರಣದೊಳಗೆ ಸಂಶೋಧನೆಗೆ ಹಾರಿಸಬಹುದು. ಆ ಡಿಪ್ಲೊಮಾ ಹುಡುಗನ ಕಾಲೇಜನ್ನು ಹಿಡಿಯಿರಿ. ಘಟನೆಯ ದಿನ ಹಾರುವುದು ಮಾತ್ರ ಫೈರ್‌ನವರು ಕರೆದರೆ, ಅನುಮತಿ ಅವರ ಮೂಲಕ ಬಂದರೆ. ಆ ಅನುಮತಿಯ ದಾರಿಯನ್ನು ಬೇಸಿಗೆಯಲ್ಲೇ ಮಾತಾಡಿ ಇಟ್ಟುಕೊಳ್ಳಿ. ನೀರು ಏರುತ್ತಿರುವಾಗ ಯಾರೂ ಫೈಲ್ ನೋಡಲ್ಲ.

ಮೂರನೇ ಮಹಡಿ

ನನ್ನದೊಂದು ಆತಂಕ. ಕಳೆದ ವರ್ಷ ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಸಣ್ಣ ಬೆಂಕಿ ಆದಾಗ ಯಾರೋ ಡ್ರೋನ್ ಹಾರಿಸಿ ತೆಗೆದ ವಿಡಿಯೊ ಸಂಜೆಗೆ ಎಲ್ಲ ಗ್ರೂಪ್‌ಗಳಲ್ಲಿ ಓಡಾಡಿತು. ನೈಟಿಯಲ್ಲಿ ಹೊರಗೆ ಓಡಿ ಬಂದ ನಮ್ಮ ಮುಖಗಳೆಲ್ಲ ಅದರಲ್ಲಿ. ಒಬ್ಬ ಅಕ್ಕ ಇವತ್ತಿಗೂ ಲಿಫ್ಟ್‌ನಲ್ಲಿ ತಲೆ ಎತ್ತಿ ಮಾತಾಡಲ್ಲ. ನಿಮ್ಮ ಡ್ರೋನ್ ರೆಕಾರ್ಡ್ ಮಾಡುತ್ತಾ?

ಕೆರೆದಂಡೆ

ಮೇಡಂ, ಇದನ್ನು ನಾವು ಯೋಚಿಸಿರಲಿಲ್ಲ. ಕೇಳಿದ್ದು ಒಳ್ಳೆಯದಾಯಿತು. ಇವತ್ತೇ ತೀರ್ಮಾನ ಮಾಡಿದೆವು. ಮೆಮೊರಿ ಕಾರ್ಡ್ ಹಾಕುವ ಜಾಗವನ್ನೇ ತೆಗೆಯುತ್ತೇವೆ. ಚಿತ್ರ ನೇರವಾಗಿ ಒಂದೇ ಸ್ಕ್ರೀನ್‌ಗೆ ಬರುತ್ತೆ, ಎಲ್ಲೂ ಉಳಿಯಲ್ಲ.

ಹಳೇ ಫೈರ್‌ಮನ್ ಸರ್, ಈ ವಾರ ಸ್ಟೇಷನ್‌ಗೆ ಹೋಗುತ್ತೇನೆ. ಬರಿಗೈಯಲ್ಲಿ.

ರಾತ್ರಿ ಪಾಳಿ

ನಾನು ಸ್ಟಾಫ್ ನರ್ಸ್. ಔಷಧಿ ಡಬ್ಬಿಯ ಬಗ್ಗೆ ನಾಲ್ಕು ಮಾತು.

ಸ್ವೀಡನ್‌ನಲ್ಲಿ 2021ರ ಡಿಸೆಂಬರ್‌ನಲ್ಲಿ ಹೃದಯ ನಿಂತ 71 ವರ್ಷದ ಒಬ್ಬರಿಗೆ ಡ್ರೋನ್ ಮೂರು ನಿಮಿಷ ಚಿಲ್ಲರೆಯಲ್ಲಿ ಡಿಫಿಬ್ರಿಲೇಟರ್ (ಹೃದಯಕ್ಕೆ ಶಾಕ್ ಕೊಡುವ ಯಂತ್ರ) ತಂದುಕೊಟ್ಟಿತು. ಅವರು ಬದುಕಿದರು. ನಮ್ಮಲ್ಲೂ ಆಗಿದೆ. 2021ರ ನವೆಂಬರ್‌ನಲ್ಲಿ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ (ಎನ್‌ಎಎಲ್) ಅವರ ಎಂಟು ರೆಕ್ಕೆಯ ಡ್ರೋನ್ ಚಂದಾಪುರದ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹಾರಗದ್ದೆಗೆ ಕೋವಿಡ್ ಲಸಿಕೆಯ 50 ಸೀಸೆ ಹೊತ್ತು ಹಾರಿತ್ತು. ಅವೆಲ್ಲ ವರ್ಷಗಟ್ಟಲೆ ಹಿಂದಿನಿಂದ ತಯಾರಿ ಮಾಡಿದ ಕೆಲಸಗಳು.

ನೀರಿನಲ್ಲಿ ಸಿಕ್ಕಿದ ಮನೆಗೆ ಏನು ಬೇಕು? ನಾನು ನೋಡಿದಂತೆ ಇನ್ಸುಲಿನ್, ಬಿಪಿ ಮಾತ್ರೆ, ಇನ್‌ಹೇಲರ್, ಮಗುವಿಗೆ ಓಆರ್‌ಎಸ್. ಎಲ್ಲ ಸೇರಿ ಅರ್ಧ ಕೆಜಿ ದಾಟಲ್ಲ. ಆದರೆ ಯಾರು ಬರೆದುಕೊಟ್ಟದ್ದು, ಯಾವ ಇನ್ಸುಲಿನ್, ಎಷ್ಟು ಯೂನಿಟ್, ಇದು ಗೊತ್ತಿಲ್ಲದೆ ಡಬ್ಬಿ ಕಳಿಸಿದರೆ ಅಪಾಯ. ಫೋನ್‌ನಲ್ಲಿ ಡಾಕ್ಟರ್ ಇರಲೇಬೇಕು. ಇನ್ನು ಡ್ರೋನ್ ಕಿಟಕಿ ಹತ್ತಿರ ತರಬೇಡಿ. ರೆಕ್ಕೆಗೆ ಬೆರಳು ಸಿಕ್ಕರೆ ನಾವು ಹೊಲಿಯಬೇಕಾಗುತ್ತೆ. ಹತ್ತು ಮೀಟರ್ ಮೇಲೆ ನಿಂತು ದಾರದಲ್ಲಿ ಇಳಿಸಿ.

ಮೊದಲನೇ ಡ್ರೋನ್‌ನಲ್ಲಿ ಇದನ್ನು ಬಿಟ್ಟುಬಿಡಿ ಅನ್ನುವುದು ನನ್ನ ಅಭಿಪ್ರಾಯ.

ಸೀಟಿ

ನಾನು ಸಿವಿಲ್ ಡಿಫೆನ್ಸ್ ಸ್ವಯಂಸೇವಕಿ. ಕಟ್ಟಡ ಕುಸಿದ ಜಾಗಕ್ಕೆ ಡ್ರೋನ್ ತರುವ ಮೊದಲು ಇದನ್ನು ತಿಳಿದುಕೊಂಡಿರಿ.

ಅವಶೇಷದ ಕೆಳಗೆ ಜೀವ ಇದೆಯಾ ಅಂತ ಹುಡುಕುವಾಗ ಸೀಟಿ ಊದಿ ಎಲ್ಲವನ್ನೂ ನಿಲ್ಲಿಸುತ್ತಾರೆ. ಜೆಸಿಬಿ ಆಫ್, ಕಟರ್ ಆಫ್, ಮಾತು ಬಂದ್. ಆಮೇಲೆ ಒಬ್ಬರು "ಒಳಗೆ ಯಾರಾದರೂ ಇದ್ದೀರಾ? ಕೇಳಿಸಿದರೆ ತಟ್ಟಿ" ಅಂತ ಕೂಗಿ ಕಿವಿ ಕೊಡುತ್ತಾರೆ. ಸದ್ದು ಹಿಡಿಯುವ ಯಂತ್ರ ಇಡುತ್ತಾರೆ. ಎಷ್ಟೋ ಸಲ ಬರುವುದು ಬೆರಳಲ್ಲಿ ತಟ್ಟಿದಷ್ಟು ಸಣ್ಣ ಸದ್ದು. ಆ ನಿಶ್ಶಬ್ದದಲ್ಲಿ ನಿಂತವರಿಗೇ ಗೊತ್ತು ಅದರ ಬೆಲೆ. ಆ ಹೊತ್ತಿನಲ್ಲಿ ಮೇಲೆ ಡ್ರೋನ್ ಗುಂಯ್‌ಗುಟ್ಟಿದರೆ? ರೆಕ್ಕೆಯ ಗಾಳಿಗೆ ದೂಳು ಎದ್ದು ಒಳಗಿರುವವರ ಉಸಿರಿಗೆ ಹೋದರೆ?

ಮೊದಲ ಹತ್ತು ನಿಮಿಷ ಮೇಲಿನಿಂದ ಚಿತ್ರ ತೆಗೆದುಕೊಡಿ, ಯಾವ ಗೋಡೆ ಇನ್ನೂ ವಾಲಿದೆ ಅಂತ ತೋರಿಸಿ. ಅದು ದೊಡ್ಡ ಉಪಕಾರ. ಆಮೇಲೆ ಇಳಿಸಿಬಿಡಿ.

ಗಂಗಾವಳಿ

ನಾನು ಅಂಕೋಲಾ ಕಡೆಯವನು, ಈಗ ಪೀಣ್ಯದಲ್ಲಿ ಕೆಲಸ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿಯಿತಲ್ಲ, ನಮ್ಮೂರಿನವರೆಲ್ಲ ಆ ದಡದಲ್ಲಿ ದಿನಗಟ್ಟಲೆ ನಿಂತಿದ್ದೆವು. ಹೂತ ಲೋಹ ಪತ್ತೆ ಹಚ್ಚುವ ಉಪಕರಣವನ್ನು ಡ್ರೋನ್‌ಗೆ ಕಟ್ಟಿ ನದಿ ಮೇಲೆ ಹಾರಿಸಿದರು. ಮಣ್ಣಿನ ಜೊತೆ ನದಿಗೆ ಹೋದ ಲಾರಿ ಇಲ್ಲಿರಬಹುದು ಅಂತ ಜಾಗಗಳನ್ನು ಗುರುತಿಸಿದರು. ಆದರೆ ನೀರಿನ ಸೆಳೆತಕ್ಕೆ ಮುಳುಗುಗಾರರು ಇಳಿಯಲು ಆಗಲಿಲ್ಲ. ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ ಕೊನೆಯಲ್ಲಿ, ಹೂಳೆತ್ತುವ ಡ್ರೆಜ್ಜರ್ ತಂದ ಮೇಲೆ.

ಡ್ರೋನ್ ಬೇಡ ಅಂತ ಅಲ್ಲ. ದಡದಲ್ಲಿ ನಿಂತ ಮನೆಯವರು ಆ ಸ್ಕ್ರೀನ್ ನೋಡಿ ಆಸೆ ಇಟ್ಟುಕೊಳ್ಳುತ್ತಾರೆ. ಎಷ್ಟು ಕಾಣುತ್ತೆ, ಎಷ್ಟು ಕಾಣಲ್ಲ ಅಂತ ಅವರಿಗೆ ಮೊದಲೇ ಹೇಳಿ.

ಕೆರೆದಂಡೆ (ಎರಡು ವಾರದ ನಂತರ)

ಸ್ಟೇಷನ್‌ಗೆ ಹೋಗಿ ಬಂದೆ. ಒಂದಲ್ಲ, ಮೂರು ಸಲ.

ಮೊದಲ ಸಲ ಕಾಲ್ ಬಂದು ಅವರೆಲ್ಲ ಗಾಡಿ ಹತ್ತಿ ಹೊರಟರು. ಎರಡನೇ ಸಲ ಸ್ಟೇಷನ್ ಆಫೀಸರ್ ಟೀ ತರಿಸಿ ಕೂರಿಸಿದರು. ಸರ್ ಹೇಳಿದ ಹಾಗೆ ಒಂದೇ ಪ್ರಶ್ನೆ ಕೇಳಿದೆ: ನೀರು ನುಗ್ಗಿದ ರಾತ್ರಿ ನಿಮಗೆ ಏನಿದ್ದರೆ ಚೆನ್ನಾಗಿತ್ತು?

ನಾನು ಕ್ಯಾಮೆರಾ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಹೇಳಿದ್ದು ಬೆಳಕು.

ದೋಣಿ ಓಡಿಸಿದ ಒಬ್ಬ ಸಿಬ್ಬಂದಿಯನ್ನು ಕರೆದರು. ಅವರು ಪ್ಯಾಂಟ್ ಮಡಚಿ ಮೊಣಕಾಲಿನ ಕೆಳಗಿನ ಗಾಯದ ಕಲೆ ತೋರಿಸಿದರು. ನೀರಿನಡಿ ಕಾಂಪೌಂಡ್ ಗೋಡೆಯ ಮೇಲಿನ ಕಬ್ಬಿಣದ ಮುಳ್ಳು ಇತ್ತಂತೆ. ದೋಣಿ ತಳ ಹರಿದು, ಇವರು ಇಳಿದು ತಳ್ಳುವಾಗ ಕಾಲು ಸೀಳಿತು. "ಟಾರ್ಚ್ ಹಿಡಿದರೆ ನೀರಿನ ಮೇಲೆ ಬೆಳಕು ಹೊಳೆದು ಕಣ್ಣಿಗೇ ಹೊಡೆಯುತ್ತೆ ಸರ್. ಮೇಲಿಂದ ಬೆಳಕು ಬಿದ್ದರೆ ಗೋಡೆ ಎಲ್ಲಿ, ಬೈಕ್ ಎಲ್ಲಿ, ರಾಜಕಾಲುವೆ ಅಂಚು ಎಲ್ಲಿ ಅಂತ ನೆರಳಿನಲ್ಲಿ ಗೊತ್ತಾಗುತ್ತೆ. ದೋಣಿ ಹೋದ ಕಡೆ ಬೆಳಕು ಬರಬೇಕು" ಅಂದರು.

ಮನೆಗೆ ಬರುವಾಗ ಅದೇ ತಲೆಯಲ್ಲಿ ಓಡುತ್ತಿತ್ತು. ಅಂದು ಆ ದೋಣಿ ತಿರುವನ್ನು ಎರಡು ಸಲ ದಾಟಿ ಹೋದದ್ದು ಮ್ಯಾಪ್ ಇಲ್ಲದ್ದಕ್ಕಲ್ಲ. ತಿರುವೇ ಕಂಡಿರಲಿಲ್ಲ.

ಹಾಗಾಗಿ ಯೋಜನೆ ಬದಲಾಗಿದೆ. ದೋಣಿಗೆ ತಂತಿಯಲ್ಲಿ ಕಟ್ಟಿದ ಡ್ರೋನ್. ಮೇಲೆ ಒಂದು ಎಲ್‌ಇಡಿ ದೀಪ, ಅಷ್ಟೇ. ಕರೆಂಟ್ ಕೆಳಗಿಂದ ತಂತಿಯಲ್ಲಿ ಹೋಗುತ್ತೆ. ಬ್ಯಾಟರಿ ಮುಗಿಯುವ ಚಿಂತೆ ಇಲ್ಲ, ಎಲ್ಲೋ ಹಾರಿಹೋಗುವ ಭಯ ಇಲ್ಲ.

ಮಲ್ಲೇಶ್ವರ 8ನೇ ಕ್ರಾಸ್

ತಪ್ಪು ತಿಳಿಯಬೇಡಿ. ದೋಣಿಯಲ್ಲಿ ಉದ್ದ ಬಿದಿರು ಗಳ ನಿಲ್ಲಿಸಿ ದೀಪ ಕಟ್ಟಿದರೆ ಸಾಲದೇ?

ಹಳೇ ಫೈರ್‌ಮನ್

ಕೇಳಬೇಕಾದ ಪ್ರಶ್ನೆಯೇ. ಇಲಾಖೆಯಲ್ಲಿ ಆಸ್ಕಾ ಲೈಟ್ ಅಂತ ಇರುತ್ತೆ. ಗಾಳಿ ತುಂಬಿ ನಿಲ್ಲಿಸುವ ಎತ್ತರದ ದೀಪ. ಅದಕ್ಕೆ ಜನರೇಟರ್ ಬೇಕು, ಒಂದೇ ಕಡೆ ನಿಲ್ಲಬೇಕು. ರಸ್ತೆಯ ತುದಿಗೆ ಅದು ಸರಿ, ಮೂರನೇ ಅಡ್ಡರಸ್ತೆಗೆ ಬೆಳಕು ಹೋಗಲ್ಲ. ದೋಣಿಯಲ್ಲಿ ಗಳ ನಿಲ್ಲಿಸಬಹುದು. ಎರಡಾಳು ಎತ್ತರಕ್ಕಿಂತ ಮೇಲೆ ಹೋದರೆ ದೋಣಿ ವಾಲುತ್ತೆ, ಬೀದಿಯಲ್ಲಿ ಜೋತು ಬಿದ್ದ ಕೇಬಲ್‌ಗೆ ಸಿಕ್ಕುತ್ತೆ. ಕಟ್ಟಿದ ಡ್ರೋನ್ ಒಳ್ಳೆಯದೇ. ಆ ಕೇಬಲ್‌ಗಳ ಬಗ್ಗೆ ಡ್ರೋನ್‌ನವರೂ ಯೋಚಿಸಿ.

ಬೆಸುಗೆ

ಲೆಕ್ಕ ಹಾಕಿದೆ. 2 ಕೆಜಿ ಡ್ರೋನ್ ನಿಲ್ಲಲು ಸುಮಾರು 350 ವ್ಯಾಟ್ ಅಂತ ಇಟ್ಟುಕೊಳ್ಳಿ. 24 ವೋಲ್ಟ್‌ನಲ್ಲಿ ಕಳಿಸಿದರೆ 15 ಆಂಪಿಯರ್ ಹತ್ತಿರ. ತಂತಿ ದಪ್ಪ ಬೇಕು, ಅದರ ತೂಕಕ್ಕೇ ಡ್ರೋನ್ ಸುಸ್ತು. ದೊಡ್ಡ ಕಂಪನಿಗಳು 400 ವೋಲ್ಟ್‌ವರೆಗೆ ಏರಿಸಿ ಸಣ್ಣ ತಂತಿಯಲ್ಲಿ ಕಳಿಸಿ, ಮೇಲೆ ಡ್ರೋನ್‌ನಲ್ಲಿ ವೋಲ್ಟೇಜ್ ಇಳಿಸಿಕೊಳ್ಳುತ್ತವೆ. ಅದೇ ಸರಿಯಾದ ದಾರಿ ಅನ್ನಿಸುತ್ತೆ.

ಹಳೇ ಫೈರ್‌ಮನ್

400 ವೋಲ್ಟ್ ಬೇಡವೇ ಬೇಡ. ತಂತಿ ಕಿತ್ತು ನೀರಿಗೆ ಬಿದ್ದರೆ ಸುತ್ತ ಜನ ಇರುತ್ತಾರೆ. ನೀರು ನಿಂತ ಬೀದಿಯಲ್ಲಿ ಕರೆಂಟ್ ಹೊಡೆದು ಸತ್ತವರನ್ನು ಈ ಕೈಯಲ್ಲಿ ಎತ್ತಿದ್ದೇನೆ. ಆ ಬೀದಿಗೆ ಹೊಸದಾಗಿ ಕರೆಂಟ್ ತರಬೇಡಿ.

ಬೆಸುಗೆ

ಸರ್, ಒಪ್ಪಿದೆ. ನೀರಿನ ಮೇಲೆ ಅನ್ನುವುದನ್ನೇ ಮರೆತು ಲೆಕ್ಕ ಹಾಕಿದ್ದೆ.

ಹಾಗಾದರೆ 48 ವೋಲ್ಟ್. ದೋಣಿಯಲ್ಲಿ ನಾಲ್ಕು 12 ವೋಲ್ಟ್ ಬ್ಯಾಟರಿ ಸಾಲಾಗಿ, ಮುಚ್ಚಿದ ಡಬ್ಬಿಯಲ್ಲಿ, ಫ್ಯೂಸ್ ಸಮೇತ. ತಂತಿ 15 ಮೀಟರ್ ಮಾತ್ರ, 1 ಚದರ ಮಿ.ಮೀ. ತಾಮ್ರ. ಹೋಗುವುದು ಬರುವುದು ಸೇರಿ ತಾಮ್ರದ ತೂಕವೇ 270 ಗ್ರಾಂ. 7.3 ಆಂಪಿಯರ್ ಹರಿದರೆ ತಂತಿಯಲ್ಲಿ ಕಳೆಯುವುದು ಸುಮಾರು 4 ವೋಲ್ಟ್. ನಡೆಯುತ್ತೆ. ಮೇಲೆ 22 ವೋಲ್ಟ್‌ಗೆ ಇಳಿಸುವ ಕನ್ವರ್ಟರ್, ಪಕ್ಕದಲ್ಲಿ ಒಂದು ಚಿಕ್ಕ ಲಿಪೊ. ತಂತಿ ಕಿತ್ತರೆ ಅದು ಒಂದೂವರೆ ನಿಮಿಷ ಹಿಡಿದು ಮೆಲ್ಲಗೆ ಇಳಿಸುತ್ತೆ. ಡ್ರೋನ್ ಬೀದಿಯ ಕೇಬಲ್‌ಗಳಿಗಿಂತ ಮೇಲೆ ನಿಲ್ಲಲು 15 ಮೀಟರ್ ಸಾಕು, ಆದರೆ ನಮ್ಮ ತಂತಿ ಅವಕ್ಕೆ ಸಿಕ್ಕದಂತೆ ನೋಡಿಕೊಳ್ಳಬೇಕು.

ಜಕ್ಕೂರು ಗಾಳಿ

ಕಟ್ಟಿ ಹಾಕಿದರೂ ಕಾನೂನಿಗೆ ಅದು ಡ್ರೋನೇ, ಮರೆಯಬೇಡಿ. ಆದರೆ 15 ಮೀಟರ್ ಅಂದರೆ 50 ಅಡಿಗಿಂತ ಕಡಿಮೆ, ತಂತಿ ಬಿಟ್ಟು ಹೋಗಲ್ಲ. ಅನುಮತಿ ಕೇಳುವಾಗ ವಿವರಿಸುವುದು ಎಷ್ಟೋ ಸುಲಭ. ಅರ್ಜಿ ಬರೆಯಲು ನಾನು ಬರುತ್ತೇನೆ.

ಕೆರೆದಂಡೆ (ಆರು ವಾರದ ನಂತರ)

ಭಾನುವಾರ ಮುಸ್ಸಂಜೆ ಕಾಲೇಜಿನ ಮೈದಾನದಲ್ಲಿ ಮೊದಲ ಸಲ ದೀಪ ಹೊತ್ತಿಸಿ ಎತ್ತಿದೆವು. ಹಸಿರು ವಲಯ, ಕಾಲೇಜಿನ ಹೆಸರಲ್ಲೇ ಪ್ರಯೋಗ, ಪ್ರಿನ್ಸಿಪಾಲರ ಪತ್ರ ಕೈಯಲ್ಲಿ. ದೋಣಿ ಇರಲಿಲ್ಲ. ತಳ್ಳುಗಾಡಿಯ ಮೇಲೆ ಬ್ಯಾಟರಿ ಡಬ್ಬಿ ಇಟ್ಟು ತಳ್ಳಿದೆವು. ಸ್ಟೇಷನ್‌ನಿಂದ ಡ್ಯೂಟಿ ಮುಗಿಸಿ ಇಬ್ಬರು ಬಂದಿದ್ದರು. ಒಬ್ಬರು ಆ ಕಾಲಿನ ಗಾಯದವರೇ.

ನೆಟ್ಟಗೆ ಮೇಲೆ ಹೋಗಿ ನಿಂತಿತು. 40 ನಿಮಿಷ ನಿಂತೇ ಇತ್ತು. ಇಷ್ಟು ವರ್ಷದಲ್ಲಿ ನಾನು ಹಾರಿಸಿದ ಯಾವ ಡ್ರೋನೂ ಇದರ ಅರ್ಧ ಹೊತ್ತು ನಿಂತಿಲ್ಲ. ಮೈದಾನದ ಕಲ್ಲು, ಗುಂಡಿ, ಎಲ್ಲದಕ್ಕೂ ಕೆಳಗೆ ನೆರಳು. ಅವರು ಹೇಳಿದ್ದು ನಿಜ.

ಆದರೆ ತೊಂದರೆಗಳೂ ಬಂದವು. ಗಾಡಿ ತಿರುಗಿಸಿದಾಗ ತಂತಿ ಸಡಿಲವಾಗಿ ಹುಡುಗನ ಕಾಲಿಗೆ ಸುತ್ತಿಕೊಂಡಿತು. ತಂತಿ ಯಾವಾಗಲೂ ಬಿಗಿಯಾಗಿರಬೇಕು. ಈಗ ಅಜ್ಜಿ ಮನೆಯ ಬಾವಿಯ ಹಳೇ ರಾಟೆ ತಂದಿದ್ದೇವೆ. ಅದಕ್ಕೊಂದು ಸಣ್ಣ ಮೋಟರ್ ಜೋಡಿಸಿ, ಸಡಿಲ ಬಿದ್ದ ತಂತಿಯನ್ನು ಅದೇ ಸುತ್ತಿಕೊಳ್ಳುವಂತೆ ಮಾಡುತ್ತಿದ್ದೇವೆ. ಎರಡನೆಯದು ಸದ್ದು. ಡ್ರೋನ್ 8 ಮೀಟರ್‌ನಲ್ಲಿದ್ದಾಗ ಕೆಳಗೆ ಇಬ್ಬರು ಮಾತಾಡಿದ್ದು ಒಬ್ಬರಿಗೊಬ್ಬರಿಗೆ ಕೇಳಿಸಲಿಲ್ಲ. ಕೂಗಿ ಕರೆಯುವವರ ದನಿ ದೋಣಿಗೆ ಕೇಳಿಸದಿದ್ದರೆ ಈ ಬೆಳಕಿನಿಂದ ಏನು ಪ್ರಯೋಜನ? ದೊಡ್ಡ ರೆಕ್ಕೆ ಹಾಕಿ ನಿಧಾನ ತಿರುಗಿಸಿ ನೋಡುತ್ತೇವೆ. "ಸೀಟಿ" ಮೇಡಂ ಹೇಳಿದ ಹಾಗೆ ಒಂದು ಬಟನ್ ಕೂಡ ಬೇಕು, ಒತ್ತಿದರೆ ತಕ್ಷಣ ಕೆಳಗಿಳಿದು ಸುಮ್ಮನಾಗಬೇಕು.

ಹಳೇ ಫೈರ್‌ಮನ್

ಆ ಬಟನ್ ಎಷ್ಟು ದೊಡ್ಡದಿದೆ? ಗ್ಲೌಸ್ ಹಾಕಿದ ಕೈಯಲ್ಲಿ, ನೋಡದೆ, ಒತ್ತಲು ಆಗಬೇಕು.

ಕೆರೆದಂಡೆ

ಸರ್, ಬೆರಳ ತುದಿಯಷ್ಟು ಇತ್ತು. ನಿಮ್ಮ ಮಾತು ಓದಿ ರಬ್ಬರ್ ಗ್ಲೌಸ್ ಹಾಕಿ, ಕೈಯನ್ನು ಬಕೆಟ್ ನೀರಿನಲ್ಲಿ ಅದ್ದಿ, ಕಣ್ಣು ಮುಚ್ಚಿ ಪರೀಕ್ಷೆ ಮಾಡಿದೆ. ಹತ್ತು ಸಲದಲ್ಲಿ ನಾಲ್ಕು ಸಲ ತಪ್ಪಿತು. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡಿಗೆ ಹೋಗಿ ಅಂಗೈ ಅಗಲದ ಕೆಂಪು ಗುಂಡಿ ತಂದೆ, ಲೇತ್ ಮಷೀನಿಗೆ ಹಾಕುತ್ತಾರಲ್ಲ ಆ ತರಹದ್ದು. ಹತ್ತಕ್ಕೆ ಹತ್ತು ಸಲ ಆಯಿತು.

ಬರುವ ಭಾನುವಾರ ಐದೂವರೆಗೆ ಮತ್ತೆ ಅದೇ ಮೈದಾನ. ಮಳೆ ಬರದಿದ್ದರೆ ಪೈಪಿನಲ್ಲಿ ನೀರು ಹಾರಿಸಿ ನೆನೆಸುತ್ತೇವೆ. ಸರ್, ಮೊಮ್ಮಗಳನ್ನೂ ಕರೆದುಕೊಂಡು ಬನ್ನಿ. ರೈನ್‌ಕೋಟ್ ತನ್ನಿ.